ನೆನಪಿನ ಮಾತ್ರೆಯೂ ನಾಲ್ಕನೇ ರ‍್ಯಾಕೂ

ಮನುಷ್ಯ ತನ್ನ ಕಾಯಿಲೆಗಳಲ್ಲಿ ಕೆಲವನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ, ಕೆಲವನ್ನು ಬಚ್ಚಿಡುತ್ತಾನೆ. ನಮ್ಮ ಕನಕಪುರದ ಕಡೆ ಯಾವ ಮದುವೆಯ ಪಂಕ್ತಿಯಲ್ಲಿ ಬೇಕಾದರೂ ಕೂತು ನೋಡಿ. ಪಾಯಸ ಬಡಿಸಲು ಬಂದವನಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದು, ‘ಬ್ಯಾಡ ಕಣಪ್ಪ, ನಂಗೆ ಶುಗರ್ ಐತೆ’ ಎಂದು ಎದುರು ಸಾಲಿಗೂ ಕೇಳುವಂತೆ ಹೇಳುವವರು ಸಾಲಿಗೆ ಇಬ್ಬರಾದರೂ ಸಿಗುತ್ತಾರೆ. ಬಿಪಿ ಇರುವವರು ಉಪ್ಪಿನಕಾಯಿಯನ್ನು ಬೆರಳ ತುದಿಯಿಂದ ಎಲೆಯ ಅಂಚಿಗೆ ಸರಿಸುವ ಠೀವಿಯೇ ಬೇರೆ. ಮಂಡಿನೋವಿನವರಂತೂ ಎಕ್ಸ್‌ರೇಯನ್ನು ಮಗಳ ಮದುವೆ ಆಲ್ಬಮ್ಮಿನ ಜೊತೆಗೇ ತೋರಿಸುತ್ತಾರೆ. ಆದರೆ ‘ನನಗೆ ಮರೆವು ಶುರುವಾಗಿದೆ’ ಎಂದು ಬಾಯಿಬಿಟ್ಟು ಹೇಳಿದವರನ್ನು ನಾನು ಕಂಡಿಲ್ಲ. ಹೆಸರು ಮರೆತರೆ ‘ನಾಲಿಗೆ ತುದೀಲೇ ಐತೆ’ ಎನ್ನುತ್ತಾರೆ. ನಾನೂ ಹಾಗೇ ಅನ್ನುತ್ತಿದ್ದೆ. ನನ್ನ ನಾಲಿಗೆಯ ತುದಿಯಲ್ಲಿ ಒಂದು ಕಾಲಕ್ಕೆ ಅರ್ಧ ಊರಿನ ಹೆಸರು ನಿಂತಿದ್ದವು, ಒಂದೂ ಕೆಳಗೆ ಇಳಿಯುತ್ತಿರಲಿಲ್ಲ.

ಈ ಮಾತನ್ನು ಇಷ್ಟು ವರ್ಷ ಯಾರಿಗೂ ಹೇಳದಿರಲು ಕಾರಣವಿತ್ತು. ನನ್ನ ಹೊಟ್ಟೆಪಾಡೇ ನೆನಪಿನದು. ಹಾರೋಹಳ್ಳಿಯಲ್ಲಿ ಹುರುಳಿ, ರಾಗಿ ಬೆಳೆಯುತ್ತಿದ್ದ ಹೊಲಗಳ ಮೇಲೆ ಶೀಟಿನ ಶೆಡ್ಡುಗಳು ಎದ್ದಾಗ, ಅವುಗಳಲ್ಲೊಂದರಲ್ಲಿ ನಾನು ಸೇರಿಕೊಂಡೆ. ವಾಹನಗಳಿಗೆ ರಬ್ಬರಿನ ಬಿಡಿಭಾಗಗಳನ್ನು ಪ್ರೆಸ್ಸು ಯಂತ್ರಗಳಲ್ಲಿ ಒತ್ತಿ ಮಾಡುವ ಕಾರ್ಖಾನೆ ಅದು. ನನ್ನದು ಸ್ಟೋರ್ಸು. ಬೇರಿಂಗು, ಬೆಲ್ಟು, ನಟ್ಟು, ಬೋಲ್ಟು, ಆಯಿಲ್ ಸೀಲು ಎಂದು ಯಂತ್ರಗಳಿಗೆ ಬೇಕಾದ ಸಾವಿರಾರು ಸಾಮಾನು ಹದಿನಾರು ರ‍್ಯಾಕುಗಳಲ್ಲಿ ತುಂಬಿರುತ್ತವೆ. ಅವೆಲ್ಲ ಎಲ್ಲೆಲ್ಲಿವೆ ಎನ್ನುವುದು ನನ್ನ ತಲೆಯಲ್ಲಿತ್ತು. ನಾನು ಊಟದ ಡಬ್ಬಿ ಬಿಚ್ಚಿ ಕೂತಿದ್ದರೂ ಸರಿ, ಕಿಟಕಿಯ ಆಚೆಯಿಂದ ಫಿಟ್ಟರು ‘ನಂಜುಂಡಯ್ನೋರೆ, ಎರಡನೇ ಪ್ರೆಸ್ಸಿನ ಬೆಲ್ಟು’ ಎಂದರೆ, ಮುದ್ದೆ ನುಂಗಿ, ‘ಏಳನೇ ರ‍್ಯಾಕು, ಕೆಳಗಿನ ಸಾಲು, ಮೂರವೆ, ಒಂದು ತಗೋ’ ಎನ್ನುತ್ತಿದ್ದೆ. ಹೊಸಬರನ್ನು ಕರೆತಂದು ನನ್ನ ಮುಂದೆ ನಿಲ್ಲಿಸಿ, ‘ಏನಾದ್ರೂ ಕೇಳ್ಲಾ’ ಎಂದು ಪಂದ್ಯ ಕಟ್ಟಿ ನೋಡುವ ಪದ್ಧತಿಯೂ ಇತ್ತು. ನನಗೆ ಅದು ಬೇಸರವಾಗುತ್ತದೆಂದು ನಟಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಯಾರೂ ಕೇಳದ ವಾರ ನನಗೆ ಸಂಬಳ ಕಡಿಮೆ ಬಂದ ಹಾಗೆ ಅನಿಸುತ್ತಿತ್ತು.

ನನಗೆ ಐವತ್ತೆರಡು ತುಂಬಿದ ವರ್ಷ, ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಆಗಿರಬೇಕು, ಒಂದು ದಿನ ಐದನೇ ರ‍್ಯಾಕಿನ ಮುಂದೆ ಹೋಗಿ ನಿಂತವನಿಗೆ, ಯಾಕೆ ಬಂದೆ ಎನ್ನುವುದೇ ಹೊಳೆಯಲಿಲ್ಲ. ಕೈ ಮೇಲೆತ್ತಿ ಡಬ್ಬ ಹಿಡಿಯುವ ಭಂಗಿಯಲ್ಲಿದೆ, ಯಾವ ಡಬ್ಬ ಎಂಬುದು ಇಲ್ಲ. ಯಾರಾದರೂ ನೋಡಿಯಾರೆಂದು ಪಂಚೆಯ ಚುಂಗಿನಿಂದ ಧೂಳು ಒರೆಸುವವನಂತೆ ಮಾಡಲು ಹೋದೆ. ಪ್ಯಾಂಟು ಹಾಕಿಕೊಂಡು ಬಂದಿದ್ದೆ ಎನ್ನುವುದು ಆಮೇಲೆ ಗೊತ್ತಾಯಿತು. ನಗು ಬಂತು, ಜೊತೆಗೇ ಭಯವೂ ಬಂತು. ನಮ್ಮಪ್ಪ ಕಡೆಗಾಲದಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ಕೂತು, ಕೆಲಸ ಮುಗಿಸಿ ಬಂದ ನನ್ನನ್ನೇ ನೋಡಿ, ‘ಯಾವೂರಪ್ಪ ನಿಂದು? ಉಂಡ್ಯಾ?’ ಎಂದು ಕೇಳುತ್ತಿದ್ದರು. ಮಗನನ್ನು ಮರೆತರೂ ಬಂದವರನ್ನು ಊಟ ಕೇಳುವುದನ್ನು ಮರೆಯಲಿಲ್ಲ ಎಂದು ಊರವರು ಹೊಗಳಿದರು. ನಾನು ಮಾತ್ರ ಆ ಜಗಲಿಯ ಮೇಲೆ ಮುಂದಿನ ಸರದಿ ನನ್ನದೇ ಎಂದುಕೊಂಡೆ.

ಅದೇ ಹೊತ್ತಿಗೆ ಕಾರ್ಖಾನೆಗೆ ಗುಣಮಟ್ಟದ ಸರ್ಟಿಫಿಕೇಟು ತೆಗೆದುಕೊಳ್ಳಬೇಕೆಂಬ ಹುರುಪು ಬಂತು. ಹಾರೋಹಳ್ಳಿಯಲ್ಲಿ ಆಗ ಎಲ್ಲ ಕಾರ್ಖಾನೆಗಳ ಗೇಟಿನ ಮೇಲೂ ಅಂಥದೊಂದು ಬೋರ್ಡು ಏಳುತ್ತಿತ್ತು. ಅದಿಲ್ಲದಿದ್ದರೆ ದೊಡ್ಡ ಕಂಪನಿಗಳು ಮಾಲು ಕೊಳ್ಳುವುದಿಲ್ಲವಂತೆ. ಹೊರಗಿನಿಂದ ಆಡಿಟರು ಬರುತ್ತಾರೆ, ಎಲ್ಲ ವಿಭಾಗವನ್ನೂ ನೋಡುತ್ತಾರೆ, ತಪ್ಪು ಕಂಡರೆ ‘ಲೋಪ’ ಎಂದು ಬರೆದುಕೊಳ್ಳುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಎದುರಿಗೆ ಸಿಕ್ಕ ಯಾರನ್ನಾದರೂ ನಿಲ್ಲಿಸಿ ಕಂಪನಿಯ ಗುಣಮಟ್ಟ ನೀತಿ ಏನು ಎಂದು ಕೇಳುತ್ತಾರೆ. ನೋಡದೆ ಹೇಳಬೇಕು. ಆ ನೀತಿಯನ್ನು ಬೆಂಗಳೂರಿನ ಯಾರೋ ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದ್ದರು: ‘ಗ್ರಾಹಕರ ಅಗತ್ಯಗಳನ್ನೂ ನಿರೀಕ್ಷೆಗಳನ್ನೂ ಸಕಾಲದಲ್ಲಿ ಪೂರೈಸುವ ಮೂಲಕ, ಸಮಸ್ತ ಉದ್ಯೋಗಿಗಳ ಸಕ್ರಿಯ ಪಾಲ್ಗೊಳ್ಳುವಿಕೆಯಿಂದ, ನಿರಂತರ ಸುಧಾರಣೆಯನ್ನು ಸಾಧಿಸುತ್ತಾ, ಶೂನ್ಯ ದೋಷದ ಉತ್ಪನ್ನಗಳನ್ನು ತಯಾರಿಸಲು ನಾವು ಬದ್ಧರಾಗಿದ್ದೇವೆ.’ ಒಂದೇ ವಾಕ್ಯ. ಮಧ್ಯೆ ಉಸಿರಾಡಲು ಎಲ್ಲೂ ಜಾಗವಿಲ್ಲ. ನಾನು ‘ಸಮಸ್ತ’ದವರೆಗೆ ಹೋಗಿ ಅಲ್ಲೇ ಕುಸಿಯುತ್ತಿದ್ದೆ.

ಮ್ಯಾನೇಜರು ನನ್ನನ್ನು ಕರೆಸಿ, ಬಹಳ ಪ್ರೀತಿಯಿಂದ, ‘ನಂಜುಂಡಯ್ಯ, ಸ್ಟೋರ್ಸಿಗೆ ಲೋಪ ಬಂತು ಅಂದ್ಕೊಳ್ಳಿ, ಕಂಪ್ಯೂಟರ್ ಗೊತ್ತಿರೋರನ್ನ ಆ ಕುರ್ಚೀಲಿ ಕೂರಿಸಬೇಕಾಗುತ್ತೆ. ನಿಮ್ಮನ್ನ ಗೇಟಿಗೆ ಹಾಕ್ತೀವಿ. ಬಂದುಹೋಗೋ ಲಾರಿ ನಂಬರ್ ಬರ‍್ಕೊಂಡು ಆರಾಮಾಗಿರಬಹುದು. ಗೇಟಲ್ಲಿ ಗಾಳಿ ಚೆನ್ನಾಗಿದೆ’ ಎಂದರು. ಒಬ್ಬ ಮನುಷ್ಯನಿಗೆ ಗಾಳಿ ಚೆನ್ನಾಗಿರುವ ಜಾಗವನ್ನು ಮೇಲಿನವರು ತೋರಿಸಿದರೆಂದರೆ ಅದರ ಅರ್ಥ ಏನೆಂದು ನಿಮಗೂ ಗೊತ್ತು, ನನಗೂ ಗೊತ್ತು. ಹದಿನೇಳು ವರ್ಷದ ಕುರ್ಚಿ ಅದು. ಒಂದು ಕಾಲು ಗಿಡ್ಡ ಇದೆ, ಅದಕ್ಕೆ ರಬ್ಬರು ಇಟ್ಟವನೂ ನಾನೇ. ಬಿಟ್ಟುಕೊಡಲು ಮನಸ್ಸಿರಲಿಲ್ಲ.

ನನ್ನ ಮುಖ ನೋಡಿ ವಿಷಯ ಕಂಡುಕೊಂಡವನು ಮಾಲು ಕಳಿಸುವ ಡಿಸ್ಪ್ಯಾಚ್ ವಿಭಾಗದ ಪುಟ್ಟಸ್ವಾಮಿ. ನನ್ನ ಓರಗೆಯವನು, ಚನ್ನಪಟ್ಟಣದ ಕಡೆಯವನು. ಆಗ ಅವನು ಮಾಲು ಮಾರುತ್ತಾ ಹೊಸಬರನ್ನೂ ಸೇರಿಸುತ್ತಾ ಹೋಗುವ ಒಂದು ಸರಪಳಿ ವ್ಯಾಪಾರಕ್ಕೆ ಸೇರಿದ್ದ. ಭಾನುವಾರ ಬಂತೆಂದರೆ ರಾಮನಗರದ ಛತ್ರವೊಂದಕ್ಕೆ ಟೈ ಕಟ್ಟಿಕೊಂಡು ಹೋಗುತ್ತಿದ್ದ. ಅಲ್ಲಿ ಟೈ ಕಟ್ಟಿದ ಇನ್ನೂರು ಜನ ಕೂಡಿ ಚಪ್ಪಾಳೆ ತಟ್ಟುತ್ತಿದ್ದರಂತೆ. ಯಾತಕ್ಕೆಂದು ಕೇಳಿದರೆ, ‘ನಮಗೆ ನಾವೇ ಕಣ್ಲಾ’ ಎನ್ನುತ್ತಿದ್ದ. ಅವನು ಚೀಲದಿಂದ ಒಂದು ಹಸಿರು ಡಬ್ಬಿ ತೆಗೆದು ನನ್ನ ಮೇಜಿನ ಮೇಲೆ ಇಟ್ಟ.

‘ಏನ್ಲಾ ಇದು?’ ಎಂದೆ.

‘ನೆನಪಿನ ಕ್ಯಾಪ್ಸೂಲು. ಲೇ ನಂಜುಂಡ, ಮೆದುಳೊಳಗೆ ರಕ್ತ ಓಡಾಡೋ ದಾರಿ ಐತಲ್ಲ, ವಯಸ್ಸಾಗ್ತಾ ಆಗ್ತಾ ಅದು ನಮ್ಮ ಹಾರೋಹಳ್ಳಿ ರೋಡಿದ್ದಂಗೆ ಆಗೋಯ್ತದೆ. ಗುಂಡಿ, ಜಾಮು. ಇದು ಅದನ್ನ ಡಬಲ್ ರೋಡ್ ಮಾಡ್ಬುಡ್ತದೆ.’

‘ಸೈಡ್ ಎಫೆಕ್ಟು?’

‘ಔಷಧಿ ಆದ್ರೆ ತಾನೇ ಸೈಡ್ ಎಫೆಕ್ಟು? ಇದು ಔಷಧಿ ಅಲ್ಲ ಕಣ್ಲಾ, ಆಹಾರ. ಸೊಪ್ಪು ಇದ್ದಂಗೆ. ನಾನೇ ಮೂರು ತಿಂಗಳಿಂದ ತಗೋತಾ ಇವ್ನಿ.’

ಡಬ್ಬಿ ತೆಗೆದುಕೊಂಡೆ. ಮಾರನೆಯ ದಿನ ಅದೇ ಹೊತ್ತಿಗೆ ಪುಟ್ಟಸ್ವಾಮಿ ಮತ್ತೆ ಬಂದು, ಚೀಲದಿಂದ ಅಂಥದೇ ಡಬ್ಬಿ ತೆಗೆದು, ಹಾರೋಹಳ್ಳಿ ರೋಡಿನಿಂದ ಮೊದಲ್ಗೊಂಡು ಪೂರ್ತಿ ಭಾಷಣ ಇನ್ನೊಮ್ಮೆ ಶುರು ಮಾಡಿದ. ‘ನಿನ್ನೆ ತಗೊಂಡೆನಲ್ಲೋ’ ಎಂದಾಗ, ‘ಹೌದಾ? ನಿಂಗಾ ಕೊಟ್ಟಿದ್ದು?’ ಎಂದ. ನಾನು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು. ಆದರೆ ಸಂಕಟಕ್ಕೆ ಸಿಕ್ಕಿದವನು ಸಾಕ್ಷಿಯನ್ನು ನೋಡುವುದಿಲ್ಲ, ಡಬ್ಬಿಯನ್ನು ನೋಡುತ್ತಾನೆ.

ನಾನು ಕುರುಡಾಗಿ ನುಂಗಿದೆ ಎಂದು ಮಾತ್ರ ತಿಳಿಯಬೇಡಿ. ನನಗೆ ಮೊದಲಿನಿಂದಲೂ ಕುತೂಹಲ ಜಾಸ್ತಿ. ಯಾವ ಯಂತ್ರದ ಮುಚ್ಚಳ ತೆಗೆದರೂ ಅಲ್ಲಿ ಹೋಗಿ ಬಗ್ಗಿ ನೋಡುವವನು ನಾನು. ಬೇರಿಂಗಿನ ಮೇಲಿನ ನಂಬರ್ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿಯಲ್ಲಿ ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನೆಲ್ಲ ಓದಿದೆ. ಚೀನಾ ಕಡೆಯ ಗಿಂಕೋ ಎಂಬ ಮರದ ಎಲೆಯ ಸಾರ, ಒಂದೆಲಗದ ಸಾರ, ಇನ್ನೂ ಏನೇನೋ. ಇದು ಔಷಧಿಯಲ್ಲ, ಆಹಾರಪೂರಕ ಎಂದಿತ್ತು. ಎಲ್ಲಕ್ಕಿಂತ ಕೆಳಗೆ, ಬೇರೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಬೇಕು ಎಂದೂ ಇತ್ತು. ಎದೆ ಹಿಡಿದುಕೊಂಡಂತಾಗಿ ಹಿಂದಿನ ವರ್ಷದಿಂದ ನಾನು ಡಾಕ್ಟರು ಕೊಟ್ಟ ಆಸ್ಪಿರಿನ್ ಮಾತ್ರೆಯನ್ನು ದಿನಕ್ಕೊಂದು ನುಂಗುತ್ತಿದ್ದೆ. ಆದರೆ ಔಷಧಿಯ ಜೊತೆ ಔಷಧಿ ಸೇರಿದರೆ ತಾನೆ ತೊಂದರೆ, ಆಹಾರ ಸೇರಿದರೆ ಏನು? ಹಾಗೆ ನೋಡಿದರೆ ಹುರುಳಿ ಸಾರು ಉಣ್ಣುವುದಕ್ಕೂ ಡಾಕ್ಟರ ಚೀಟಿ ಬೇಕಲ್ಲವೆ? ಹೀಗೆ ತರ್ಕ ಮಾಡಿ ಭೂತಗನ್ನಡಿಯನ್ನು ಒಳಗಿಟ್ಟೆ. ದಡ್ಡನಾಗಿದ್ದರೆ ಬದುಕಿಕೊಳ್ಳುತ್ತಿದ್ದೆ, ತರ್ಕ ಗೊತ್ತಿದ್ದದ್ದೇ ತಪ್ಪಾಯಿತು.

ನನ್ನ ಹೆಂಡತಿ ಜಯಮ್ಮ ಅಕ್ಕೂರಿನವಳು. ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಾ ಬೆಳೆದವಳಾದ್ದರಿಂದ ಯಾವ ಎಲೆಯ ಬಗ್ಗೆಯೂ ಅವಳನ್ನು ಮೋಸಗೊಳಿಸುವುದು ಕಷ್ಟ. ಡಬ್ಬಿಯಲ್ಲಿ ಒಂದೆಲಗ ಇದೆ ಎಂದು ಓದಿ ಹೇಳಿದೆ.

‘ಒಂದೆಲಗ್ವಾ? ನಮ್ಮೂರ ಗದ್ದೆ ಬದೀಲಿ ಬೇಕಾದಷ್ಟು ಬೆಳ್ಕೊಂಡೈತಲ್ರೀ. ಚಟ್ನಿ ಮಾಡಿಕ್ಕಿದ್ರೆ ಕಹಿ ಅಂತ ತಟ್ಟೆ ಸರಿಸ್ತೀರಿ, ಈಗ ಡಬ್ಬೀಲಿ ಬಂತು ಅಂತ ಕಣ್ಣಿಗೊತ್ಕೋತೀರಾ?’

‘ಇದು ಸಾರ ಕಣೇ. ವಿಜ್ಞಾನ.’

‘ನಮ್ಮಪ್ಪನ ಮನೆ ಎಮ್ಮೆ ವರ್ಷಾನುಗಟ್ಟಲೆ ಅದನ್ನೇ ಮೇಯ್ತು. ಅದೇನು ಕಾಲೇಜಿಗೆ ಹೋಯ್ತಾ? ಸಂಜೆ ಆದ್ರೆ ಪಕ್ಕದ ಮನೆ ಕೊಟ್ಟಿಗೆಗೆ ನುಗ್ತಿತ್ತು.’

ಎಮ್ಮೆಯ ಉದಾಹರಣೆಗೆ ಉತ್ತರ ಕೊಡುವುದು ಯಾವ ವಿಜ್ಞಾನಿಗೂ ಸುಲಭವಲ್ಲ. ನಾನು ಮಾತು ಬಿಟ್ಟು ಪ್ರಯೋಗಕ್ಕೆ ಇಳಿದೆ. ಸಾಮಾನಿನ ಬೇಡಿಕೆ ಬರೆಯುವ ಹಳೆಯ ಇಂಡೆಂಟ್ ಪುಸ್ತಕದ ಹಿಂಬದಿಯಲ್ಲಿ ಗೀಟೆಳೆದು ತಾರೀಖು, ಮಾತ್ರೆ, ಫಲಿತಾಂಶ ಎಂದು ಮೂರು ಮನೆ ಮಾಡಿದೆ. ಮೊದಲ ವಾರ ಫಲಿತಾಂಶದ ಮನೆಯಲ್ಲಿ ‘ತೇಗು’ ಎಂದಷ್ಟೇ ಇದೆ. ಎರಡನೆಯ ವಾರ ಒಂದು ಪರೀಕ್ಷೆ ಇಟ್ಟುಕೊಂಡೆ. ಜಯಮ್ಮ ಹೇಳಿದ ಹನ್ನೆರಡು ಸಾಮಾನನ್ನು ಚೀಟಿ ಇಲ್ಲದೆ ಪೇಟೆಯಿಂದ ತರುವುದು. ಹನ್ನೊಂದು ತಂದೆ. ತೊಂಬತ್ತಕ್ಕಿಂತ ಹೆಚ್ಚು ಮಾರ್ಕು ಎಂದು ಬೀಗಿಕೊಂಡು ಚೀಲ ಇಳಿಸಿದರೆ, ಮರೆತದ್ದು ಉಪ್ಪು. ಅಂದಿನ ಸಾರನ್ನು ಉಪ್ಪಿಲ್ಲದೆಯೇ ಬಡಿಸಿ, ‘ನಿಮ್ಮ ಮಾರ್ಕ್ಸು ಕಲಸ್ಕೊಂಡು ಉಣ್ಣಿ’ ಎಂದಳು.

ಮೂರನೆಯ ವಾರದಿಂದ ಒಂದು ವಿಚಿತ್ರ ಶುರುವಾಯಿತು. ನೆನಪು ಬರತೊಡಗಿತು, ಆದರೆ ನಾನು ಕೇಳಿದ್ದಲ್ಲ. ಸ್ನಾನ ಮಾಡುತ್ತಿದ್ದವನ ಬಾಯಿಂದ ನಾಲ್ಕನೇ ಕ್ಲಾಸಿನ ಹಾಜರಿ ಸರಾಗವಾಗಿ ಬಂತು: ಅಂದಾನಪ್ಪ, ಈರಯ್ಯ, ಕರಿಯಪ್ಪ, ಕುಳ್ಳ ಚೌಡ... ನಲವತ್ತು ವರ್ಷದಿಂದ ಎಲ್ಲಿ ಅಡಗಿದ್ದರೋ ಇವರೆಲ್ಲ, ಒಬ್ಬೊಬ್ಬರಾಗಿ ಬಂದು ‘ಬಂದಿದ್ದೇನೆ ಸಾರ್’ ಎಂದರು. ಇದು ಮಾತ್ರೆಯ ಗುಣವೋ, ನೆನಪಿನ ಬಗ್ಗೆಯೇ ಮೂರು ಹೊತ್ತು ಯೋಚಿಸುವವನ ತಲೆಯ ಗುಣವೋ ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಬೆರಗಂತೂ ಆಯಿತು. ತಲೆಯೊಳಗೂ ಒಂದು ಸ್ಟೋರ್ಸಿದೆ, ಅಲ್ಲೂ ಯಾವನೋ ಒಬ್ಬ ನಂಜುಂಡಯ್ಯ ಕೂತಿದ್ದಾನೆ, ಬೆಲ್ಟು ಕೇಳಿದರೆ ಬೋಲ್ಟು ಕೊಡುತ್ತಾನೆ ಅನಿಸಿತು. ಇನ್ನೊಂದು ದಿನ ಊಟದ ನಡುವೆ, ನಮ್ಮ ಮದುವೆಯ ದಿನ ಜಯಮ್ಮನ ಚಿಕ್ಕಪ್ಪ ನನ್ನ ಹೊಸ ಚಪ್ಪಲಿ ಮೆಟ್ಟಿಕೊಂಡು ಹೋದದ್ದು ಥಟ್ಟನೆ ನೆನಪಾಗಿ, ಬಾಯಿ ತಡೆಯದೆ ಕೇಳಿಯೇಬಿಟ್ಟೆ. ಅವಳು ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದಳು. ‘ಚಿಕ್ಕಪ್ಪ ತೀರ‍್ಕೊಂಡು ಒಂಬತ್ತು ವರ್ಷ ಆಯ್ತು. ಚಪ್ಲಿ ಮೆಟ್ಕೊಂಡೇ ಹೋದ್ರೋ ಏನೋ, ಹೋಗಿ ನೋಡ್ಕೊಂಡು ಬನ್ನಿ’ ಎಂದಳು. ಮರೆವು ಇಲ್ಲದೆ ಹೋದರೆ ಸಂಸಾರಗಳು ಎಷ್ಟು ದಿನ ನಿಲ್ಲುತ್ತವೋ ಹೇಳಲಾರೆ.

ಇಷ್ಟೆಲ್ಲ ಬಂದರೂ ‘ಸಮಸ್ತ’ದ ಮುಂದಿನದು ಬರಲಿಲ್ಲ. ಆಡಿಟ್ಟಿಗೆ ಇನ್ನು ಒಂದು ತಿಂಗಳಿತ್ತು. ದಿನಕ್ಕೊಂದಿದ್ದ ಕ್ಯಾಪ್ಸೂಲನ್ನು ಎರಡು ಮಾಡಿದೆ. ತಲೆ ಸಣ್ಣಗೆ ಸಿಡಿಯತೊಡಗಿತು, ನಿದ್ದೆ ಅರ್ಧಕ್ಕರ್ಧ ಕಡಿಮೆಯಾಯಿತು. ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ. ಕನಕಪುರದ ನಮ್ಮ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಬಾಯಿ ಬೆಳಕಿಗೆ ಹಿಡಿದು ನೋಡಿ, ‘ಆಸ್ಪಿರಿನ್ ಬಿಟ್ಟು ಬೇರೆ ಏನಾದ್ರೂ ಮಾತ್ರೆ ತಗೊಳ್ತಿದ್ದೀರಾ?’ ಎಂದು ಕೇಳಿದರು. ನಾನು ಸತ್ಯವಂತ. ಕ್ಯಾಪ್ಸೂಲು ಮಾತ್ರೆಯಲ್ಲ, ಆಹಾರ. ‘ಇಲ್ಲ ಡಾಕ್ಟ್ರೆ’ ಎಂದೆ. ಮೆತ್ತಗಿನ ಬ್ರಷ್ಷು ತೆಗೆದುಕೊಳ್ಳಿ, ಕಡಿಮೆಯಾಗದಿದ್ದರೆ ವಾರದಲ್ಲಿ ಮತ್ತೆ ಬನ್ನಿ ಎಂದು ಕಳಿಸಿದರು. ನಾನು ಬ್ರಷ್ಷು ತೆಗೆದುಕೊಂಡೆ, ಮತ್ತೆ ಹೋಗಲಿಲ್ಲ.

ಇನ್ನು ಗುಣಮಟ್ಟ ನೀತಿಯ ಕಥೆ. ಕನಕಪುರದಿಂದ ಹಾರೋಹಳ್ಳಿಗೆ ಬಸ್ಸಿನಲ್ಲಿ ಹೋಗುವಾಗ ಬರುವಾಗ ಚೀಟಿ ಹಿಡಿದುಕೊಂಡು ಅದನ್ನು ಬಾಯಿಪಾಠ ಮಾಡುವುದೆಂದು ನೇಮ ಹಾಕಿಕೊಂಡೆ. ಬಸ್ಸಿನ ಸದ್ದಿಗೆ ನನ್ನ ದನಿ ನನಗೇ ಕೇಳದೆ ಒಸಿ ಜೋರಾಗಿಯೇ ಹೇಳಬೇಕಾಗುತ್ತಿತ್ತು. ಮೊದಲ ದಿನಗಳಲ್ಲಿ ಜನ ಪಕ್ಕದ ಸೀಟು ಬಿಟ್ಟು ಕೂತರು. ದಿನಾ ಸೊಪ್ಪಿನ ಕುಕ್ಕೆ ಇಟ್ಟುಕೊಂಡು ಬರುತ್ತಿದ್ದ ಗೌರಮ್ಮ ಎಂಬಾಕೆ, ‘ಯಾವ ದೇವ್ರುದು ಯಜಮಾನ್ರೆ ಈ ಮಂತ್ರ?’ ಎಂದು ಕೈಮುಗಿದೇ ಕೇಳಿದಳು. ‘ಕಂಪನಿ ದೇವ್ರುದು’ ಎಂದೆ. ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಎಂದಿನಂತೆ ‘ಸಮಸ್ತ’ಕ್ಕೆ ಬಂದು ನಿಂತೆ. ಚೀಟಿ ನೋಡಬಾರದೆಂದು ಕಣ್ಣು ಮುಚ್ಚಿದ್ದೆ. ಹಿಂದಿನಿಂದ ಒಂದು ದನಿ, ‘ಉದ್ಯೋಗಿಗಳ ಸಕ್ರಿಯ ಪಾಲ್ಗೊಳ್ಳುವಿಕೆಯಿಂದ, ನಿರಂತರ ಸುಧಾರಣೆಯನ್ನು ಸಾಧಿಸುತ್ತಾ... ಟಿಕೆಟ್ ಟಿಕೆಟ್... ಶೂನ್ಯ ದೋಷದ ಉತ್ಪನ್ನಗಳನ್ನು ತಯಾರಿಸಲು ನಾವು ಬದ್ಧರಾಗಿದ್ದೇವೆ’ ಎಂದು ಒಂದೇ ಉಸಿರಿಗೆ ಮುಗಿಸಿತು. ಕಂಡಕ್ಟರ್ ಕೆಂಚಪ್ಪ!

‘ಎಲ್ಲಿ ಕಲಿತ್ಯೋ ಇದನ್ನ?’

‘ಕಲಿಯೋದೇನ್ ಬಂತು ಸಾ? ದಿನಾ ಎರಡು ಹೊತ್ತು ಕಿವಿ ಮೇಲೆ ಬಿದ್ರೆ ಕಲ್ಲಿಗೂ ಬತ್ತದೆ. ನಮ್ಮ ಡ್ರೈವರಣ್ಣಂಗೂ ಬತ್ತದೆ, ಬೇಕಾದ್ರೆ ಕೇಳಿ. ನೀವೇ ಒಸಿ ಸಮಸ್ತದ ಹತ್ರ ಎಡವ್ತಿದ್ದೀರಿ.’

ಗೌರಮ್ಮನಿಗೆ ಪೂರ್ತಿ ಬರುತ್ತಿರಲಿಲ್ಲ. ಆದರೆ ಹಾರೋಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ, ಹುಳುಕಿದೆ ಎಂದು ದಂಟಿನ ಕಟ್ಟನ್ನು ವಾಪಸು ಹಾಕಿದವಳೊಬ್ಬಳಿಗೆ, ‘ಶೂನ್ಯ ದೋಷದ ಸೊಪ್ಪು ಕಣವ್ವ, ಕಣ್ಬಿಟ್ಟು ನೋಡು’ ಎಂದು ಜೋರು ಮಾಡುತ್ತಿದ್ದುದನ್ನು ನಾನೇ ಕೇಳಿಸಿಕೊಂಡೆ.

ನಮ್ಮ ಕಾರ್ಖಾನೆಯಲ್ಲಿ ಒಂದು ಕ್ರಮವಿದೆ. ಹೊಸ ರಬ್ಬರ್ ಮಿಶ್ರಣ ಬಂದಾಗ, ಅದರ ಒಂದು ಪಾಕವನ್ನು ಬೇಯಿಸುವಾಗ ಹಳೆಯ ಮಿಶ್ರಣದ ಒಂದು ಪಾಕವನ್ನೂ ಪಕ್ಕದಲ್ಲೇ ಬೇಯಿಸುತ್ತಾರೆ. ಎರಡೂ ಒಂದೇ ಥರ ಬಂದರೆ ಹೊಸದರ ಹೆಚ್ಚುಗಾರಿಕೆ ಏನೂ ಇಲ್ಲವೆಂದು ಅರ್ಥ. ಹದಿನೇಳು ವರ್ಷ ಅದನ್ನು ನೋಡಿದವನಿಗೆ ನನ್ನ ಪ್ರಯೋಗದಲ್ಲಿ ಹಳೆಯ ಪಾಕ ಇಡಬೇಕೆಂದು ಹೊಳೆದಿರಲಿಲ್ಲ. ನನಗೆ ತಿಳಿಯದಂತೆ ಬಸ್ಸಿನವರು ಇಟ್ಟುಕೊಟ್ಟಿದ್ದರು. ದಿನಕ್ಕೆರಡು ಕ್ಯಾಪ್ಸೂಲು ನುಂಗಿದವನು ಎಡವುತ್ತಿದ್ದಾನೆ, ಬೀಡಿ ಬಿಟ್ಟು ಬೇರೇನೂ ಕಾಣದ ಕೆಂಚಪ್ಪ ಓಡುತ್ತಿದ್ದಾನೆ. ಇಂಡೆಂಟ್ ಪುಸ್ತಕದಲ್ಲಿ ಇದನ್ನೂ ಪ್ರಾಮಾಣಿಕವಾಗಿ ಬರೆದೆ. ಆದರೂ ಮಾತ್ರೆ ಬಿಡಲಿಲ್ಲ. ಅದಿಲ್ಲದಿದ್ದರೆ ನಾನು ‘ಸಮಸ್ತ’ದವರೆಗೂ ಹೋಗುತ್ತಿರಲಿಲ್ಲವೇನೋ, ಯಾರಿಗೆ ಗೊತ್ತು? ಹೆದರಿದ ಮನುಷ್ಯ ವಾದ ಮಾಡುವುದು ಹೀಗೆಯೇ.

ಆಡಿಟ್ಟಿಗೆ ನಾಲ್ಕು ದಿನ ಇರುವಾಗ ಗಡ್ಡ ಹೆರೆದುಕೊಳ್ಳುತ್ತಾ ಗದ್ದದ ಹತ್ತಿರ ಕೂದಲೆಳೆಯಷ್ಟು ಕೊಯ್ದುಕೊಂಡೆ. ರಕ್ತ ನಿಲ್ಲಲಿಲ್ಲ. ಹತ್ತಿ ಒತ್ತಿದೆ, ಪಟಿಕ ಹಚ್ಚಿದೆ, ಜಯಮ್ಮ ಕಾಫಿಪುಡಿ ಮೆತ್ತಿದಳು. ಕಾಫಿಪುಡಿಯನ್ನೂ ನೆನೆಸಿಕೊಂಡು ರಕ್ತ ಇಳಿಯುತ್ತಲೇ ಇತ್ತು. ಅವಳು ನನ್ನ ರಟ್ಟೆ ಹಿಡಿದು ಆಟೋ ಹತ್ತಿಸಿದಳು. ಡಾಕ್ಟರಮ್ಮ ಗಾಯವನ್ನು ಒತ್ತಿ ಪಟ್ಟಿ ಹಾಕುತ್ತಾ ಹಳೆಯ ಪ್ರಶ್ನೆಯನ್ನೇ ಕೇಳಿದರು, ಬೇರೆ ಮಾತ್ರೆ? ನಾನು ಇಲ್ಲ ಎನ್ನುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಜಯಮ್ಮ ಸೆರಗಿನ ಮರೆಯಿಂದ ಹಸಿರು ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು.

ಡಾಕ್ಟರಮ್ಮ ಡಬ್ಬಿಯನ್ನು ಓದಿದರು. ಭೂತಗನ್ನಡಿ ಇಲ್ಲದೆಯೇ ಓದಿದರು. ‘ನಾನು ಕೇಳಿದಾಗ ಯಾಕೆ ಹೇಳಲಿಲ್ಲ?’

‘ನೀವು ಮಾತ್ರೆ ಕೇಳಿದ್ರಿ ಡಾಕ್ಟ್ರೆ. ಇದು ಆಹಾರ.’

ಅವರು ಡಬ್ಬಿಯನ್ನು ಜಯಮ್ಮನ ಕಡೆಗೇ ಸರಿಸಿದರು. ಆಮೇಲೆ ಸಿಟ್ಟಿಲ್ಲದೆ ವಿವರಿಸಿದರು. ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಈ ಗಿಂಕೋ ಕೂಡ ಕೆಲವರಲ್ಲಿ ಅದೇ ಕೆಲಸ ಮಾಡಬಹುದು. ಎರಡೂ ಸೇರಿದರೆ ಗಾಯವಾದಾಗ ರಕ್ತ ಸುಲಭಕ್ಕೆ ನಿಲ್ಲುವುದಿಲ್ಲ. ‘ಗದ್ದ ಆದ್ದರಿಂದ ಕಾಣಿಸ್ತು. ಇದೇ ತಲೆಯ ಒಳಗೆ ಆಗಿದ್ದಿದ್ರೆ?’ ಎಂದರು. ನೆನಪು ತರಲು ಹೋಗಿ ತಲೆಯನ್ನೇ ಕಳೆದುಕೊಳ್ಳುತ್ತಿದ್ದೆನೆಂದು ಆಗ ತಿಳಿಯಿತು. ಆದರೂ ಕುತೂಹಲ ಬಿಡಬೇಕಲ್ಲ. ‘ಅಂದ್ರೆ ಇದರಿಂದ ನೆನಪು ಬರೋದು ಸುಳ್ಳಾ ಡಾಕ್ಟ್ರೆ?’ ಎಂದೆ. ‘ಪೂರ್ತಿ ಸುಳ್ಳು ಅಂತಾನೂ ಹೇಳಲ್ಲ. ಯಾರಿಗಾದ್ರೂ ಒಂಚೂರು ಅನುಕೂಲ ಆಗಿರಬಹುದು. ನಿಮಗೆ ಆಗುತ್ತೆ ಅಂತ ಗಟ್ಟಿಯಾಗಿ ಹೇಳೋಕೆ ನನ್ನ ಹತ್ರ ಆಧಾರ ಇಲ್ಲ, ಈ ಡಬ್ಬಿ ಮಾರಿದವರ ಹತ್ರಾನೂ ಇಲ್ಲ. ತೊಂದರೆ ಮಾತ್ರ ನಿಮ್ಮ ಗದ್ದದ ಮೇಲೇ ಇದೆ’ ಎಂದರು.

ನಮ್ಮಪ್ಪನ ವಿಷಯವನ್ನು ನಾನು ಹೇಳಿದ್ದು ಆಗಲೇ. ಜಯಮ್ಮ ನನ್ನ ಕಡೆ ನೋಡದೆ, ನನ್ನ ಅಂಗಿಯ ಮೇಲಿನ ಕಾಫಿಪುಡಿಯನ್ನು ಕೊಡವುತ್ತಾ ಕೂತಳು. ಡಾಕ್ಟರಮ್ಮ ನೂರರಿಂದ ಏಳೇಳು ಕಳೆಯುತ್ತಾ ಹೋಗಲು ಹೇಳಿದರು, ಮೂರು ಪದ ಹೇಳಿ ಸ್ವಲ್ಪ ಹೊತ್ತಿನ ನಂತರ ಕೇಳಿದರು, ಗಡಿಯಾರದ ಚಿತ್ರ ಬರೆಸಿದರು. ಎಲ್ಲ ಸರಿಯಾಗಿ ಮಾಡಿದೆ. ರಕ್ತ ಪರೀಕ್ಷೆಗೂ ಬರೆದುಕೊಟ್ಟರು. ‘ಸದ್ಯಕ್ಕೆ ನಿಮ್ಮಪ್ಪನ ಕಾಯಿಲೆ ನನಗೆ ಕಾಣಿಸ್ತಿಲ್ಲ. ನಿದ್ದೆ ಇಲ್ಲ, ಹೆದರಿಕೆ ಇದೆ. ಹೆದರಿದವನ ತಲೇಲಿ ಏನು ನಿಲ್ಲುತ್ತೆ?’ ಎಂದರು. ಹೊರಗೆ ಬಂದ ಮೇಲೆ ಜಯಮ್ಮ, ‘ಅಷ್ಟೊಂದು ಭಯ ಇದ್ರೆ ನಂಗೆ ಯೋಳಬಾರ‍್ದಾ?’ ಎಂದಳು. ನನಗೆ ಅಳು ಬಂತು, ಗದ್ದದ ನೋವೆಂದು ಹೇಳಿದೆ. ಡಬ್ಬಿಯನ್ನು ಅವಳು ವಾಪಸು ಕೊಡಲಿಲ್ಲ, ನಾನು ಕೇಳಲೂ ಇಲ್ಲ.

ನಾಲ್ಕು ದಿನ ಚೆನ್ನಾಗಿ ಮಲಗಿದೆ. ಆಡಿಟ್ಟಿನ ದಿನ ಗದ್ದಕ್ಕೆ ಪಟ್ಟಿ ಅಂಟಿಸಿಕೊಂಡು ಕುರ್ಚಿಯಲ್ಲಿ ಕೂತೆ. ಆಡಿಟರು ಕಡಿಮೆ ಮಾತಿನ, ನಯವಾದ ಮನುಷ್ಯ. ಮ್ಯಾನೇಜರು ಅವರ ಹಿಂದೆ ನಿಂತಿದ್ದರು. ‘ನಿಮ್ಮ ಗುಣಮಟ್ಟ ನೀತಿ ಹೇಳಿ’ ಎಂದರು ಆಡಿಟರು. ನಾನು ಶುರು ಮಾಡಿದೆ. ‘ಸಮಸ್ತ’ ಬಂತು, ‘ಉದ್ಯೋಗಿಗಳ’ ಬಂತು, ಮಿಕ್ಕದ್ದೆಲ್ಲ ಇಳಿಜಾರಿನಲ್ಲಿ ಬಸ್ಸು ಇಳಿದಂತೆ ಬಂತು. ಮ್ಯಾನೇಜರ ಮುಖ ಅರಳಿತು. ನನಗೆ ಹದಿನೇಳು ವರ್ಷದ ಹಳೆಯ ಹುಮ್ಮಸ್ಸೆಲ್ಲ ವಾಪಸು ಬಂದುಬಿಟ್ಟಿತು.

‘ಮೂರನೇ ಪ್ರೆಸ್ಸಿನ ಆಯಿಲ್ ಸೀಲ್ ಎಲ್ಲಿದೆ?’ ಎಂದರು ಆಡಿಟರು.

ಕುರ್ಚಿಯಿಂದ ಏಳದೆ, ತಲೆಯನ್ನೂ ತಿರುಗಿಸದೆ ಹೇಳಿದೆ: ‘ನಾಲ್ಕನೇ ರ‍್ಯಾಕು, ಮೇಲಿಂದ ಎರಡನೇ ಸಾಲು, ನೀಲಿ ಡಬ್ಬ. ಹದಿನಾಲ್ಕಿವೆ.’

ಹೋಗಿ ಎಣಿಸಿದರು. ಹದಿನಾಲ್ಕು. ಇನ್ನೊಂದು ಕೇಳಿದರು, ಹೇಳಿದೆ. ಮತ್ತೊಂದು ಕೇಳಿದರು, ಕೇಳದೇ ಇದ್ದ ಇನ್ನೆರಡನ್ನೂ ಸೇರಿಸಿ ಹೇಳಿದೆ. ಎಲ್ಲವೂ ಸರಿ. ಆಡಿಟರ ಮುಖದಲ್ಲಿ ನಗು ಮೂಡಿತು. ಮ್ಯಾನೇಜರ ಮುಖದಲ್ಲಿದ್ದ ನಗು ಯಾಕೋ ಕಡಿಮೆಯಾಗುತ್ತಿತ್ತು, ನನಗೆ ಅದನ್ನು ಗಮನಿಸಲು ಪುರುಸೊತ್ತಿರಲಿಲ್ಲ.

‘ಕಾರ್ಡಿನಲ್ಲಿ ಆಯಿಲ್ ಸೀಲು ಒಂಬತ್ತು ಅಂತಿದೆ’ ಎಂದರು ಆಡಿಟರು. ಪ್ರತಿ ಡಬ್ಬಕ್ಕೂ ಒಂದೊಂದು ಕಾರ್ಡು ನೇತುಹಾಕಿ, ಬಂದದ್ದು ಹೋದದ್ದು ಬರೆಯಬೇಕೆಂದು ಮ್ಯಾನೇಜರು ಹೇಳಿದ್ದು ನಿಜ. ನೇತುಹಾಕಿದ್ದೆ. ನನಗೇ ಗೊತ್ತಿರುವುದನ್ನು ನಾನೇ ಬರೆದು ನಾನೇ ಓದುವುದು ಏತಕ್ಕೆಂದು ಬರೆಯುವುದನ್ನು ಬಿಟ್ಟಿದ್ದೆ.

‘ಕಾರ್ಡು ಸುಮ್ನೆ ಸಾರ್. ಡಬ್ಬದಲ್ಲಿ ಹದಿನಾಲ್ಕೇ ಇರೋದು.’

‘ಹಾಗಾದ್ರೆ ಹದಿನಾಲ್ಕು ಅಂತ ಎಲ್ಲಿ ಬರೆದಿದೆ?’

ನಾನು ಹೆಮ್ಮೆಯಿಂದ ತೋರುಬೆರಳಿನಲ್ಲಿ ನನ್ನ ಹಣೆಯನ್ನು ಎರಡು ಸಲ ತಟ್ಟಿದೆ. ಮ್ಯಾನೇಜರು ಕಣ್ಣು ಮುಚ್ಚಿಕೊಂಡರು.

‘ನೀವು ನಾಳೆ ರಜಾ ಹಾಕಿದ್ರೆ?’

‘ನಾನು ರಜಾ ಹಾಕಲ್ಲ ಸಾರ್.’

‘ಮರೆತುಹೋದ್ರೆ?’

ನಾಲ್ಕು ದಿನದ ಹಿಂದಿನವರೆಗೂ ನನ್ನ ಎದೆಯ ಮೇಲೆ ಕೂತಿದ್ದ ಪ್ರಶ್ನೆ ಅದು. ಗಡಿಯಾರ ಬರ‍್ಕೊಟ್ಟಿದ್ದೀನಿ ಸಾರ್, ಡಾಕ್ಟರು ಪಾಸು ಮಾಡಿದ್ದಾರೆ ಎನ್ನಬೇಕೆಂದುಕೊಂಡೆ. ಆದರೆ ಆ ಮನುಷ್ಯ ಆಗಲೇ ಬರೆಯುತ್ತಿದ್ದರು. ದುಂಡಾದ ಅಕ್ಷರ, ತಲೆಕೆಳಗಾಗಿಯೇ ಓದಿದೆ. ಸ್ಟೋರ್ಸಿನ ಸಮಸ್ತ ಮಾಹಿತಿಯೂ ಒಬ್ಬ ವ್ಯಕ್ತಿಯ ನೆನಪಿನಲ್ಲಿದೆ, ದಾಖಲೆಯಲ್ಲಿಲ್ಲ. ಲೋಪ. ಇಡೀ ಕಾರ್ಖಾನೆಗೆ ಸಿಕ್ಕ ಒಂದೇ ಒಂದು ಲೋಪ ಅದು. ಮರೆತಿದ್ದರೆ ಎದ್ದು ಹೋಗಿ ಕಾರ್ಡು ನೋಡಿ ಹೇಳುತ್ತಿದ್ದೆ, ಆಡಿಟರು ಲೆಕ್ಕದ ವ್ಯತ್ಯಾಸವೆಂದು ಸಣ್ಣದಾಗಿ ಬರೆದುಕೊಂಡು ಮುಂದೆ ಹೋಗುತ್ತಿದ್ದರಂತೆ. ಮ್ಯಾನೇಜರು ಆಮೇಲೆ ಹಲ್ಲು ಕಚ್ಚಿಕೊಂಡು ಹೇಳಿದರು.

ಒಂದು ವಾರ ಗೇಟಿನ ಗಾಳಿಯ ಬಗ್ಗೆಯೇ ಯೋಚಿಸಿದೆ. ಆಮೇಲೆ ಬೆಂಗಳೂರಿನಿಂದ ಕಂಪ್ಯೂಟರಿನವರೂ ಬಂದರು. ಆದರೆ ಕಂಪ್ಯೂಟರಿಗೆ ತುಂಬಬೇಕಾದದ್ದೆಲ್ಲ ನನ್ನ ತಲೆಯಲ್ಲಿದ್ದುದರಿಂದ, ಅದು ಖಾಲಿಯಾಗುವವರೆಗೆ ನಾನು ಕುರ್ಚಿಯಲ್ಲೇ ಇರಬೇಕೆಂದು ತೀರ್ಮಾನವಾಯಿತು. ನಾನು ವಾರಕ್ಕೆ ಒಂದೊಂದು ಸಾಲು, ಬಹಳ ಜೋಪಾನವಾಗಿ ಹೇಳಿ ಬರೆಸತೊಡಗಿದೆ. ಹದಿನಾರು ರ‍್ಯಾಕು, ಒಂದೊಂದಕ್ಕೂ ಹತ್ತಾರು ಸಾಲು. ನಿವೃತ್ತಿಗೆ ಇನ್ನೂ ಆರು ವರ್ಷವಿತ್ತು, ಅವಸರ ಏನೂ ಇರಲಿಲ್ಲ.

ಆ ಲೋಪಕ್ಕೆ ಉತ್ತರ ಕಳಿಸಬೇಕೆಂದು ಮ್ಯಾನೇಜರು ಒಂದು ಫಾರಂ ತಂದುಕೊಟ್ಟು, ‘ನಿಮ್ಮಿಂದ ಆಗಿದ್ದು, ನೀವೇ ತುಂಬಿ’ ಎಂದು ಹೋದರು. ಅದರಲ್ಲಿ ಎರಡೇ ಮನೆ. ಮೊದಲನೆಯದು, ಲೋಪದ ಮೂಲ ಕಾರಣ. ನಾನು ಬಹಳ ಯೋಚಿಸಿ, ಸುಳ್ಳು ಹೇಳಬಾರದೆಂದು, ‘ಸ್ಟೋರ್ಸ್ ಇನ್‌ಚಾರ್ಜಿನವರ ಜ್ಞಾಪಕಶಕ್ತಿ’ ಎಂದು ಬರೆದೆ. ಎರಡನೆಯದು, ಸರಿಪಡಿಸಲು ಕೈಗೊಂಡ ಕ್ರಮ. ‘ಮಾತ್ರೆ ನಿಲ್ಲಿಸಲಾಗಿದೆ’ ಎಂದು ಬರೆದೆ. ಮ್ಯಾನೇಜರು ಓದದೆ ಸಹಿ ಹಾಕಿ ಕಳಿಸಿದರು. ಕ್ರಮ ತೃಪ್ತಿಕರವಾಗಿದೆ, ಲೋಪ ನಿವಾರಣೆಯಾಗಿದೆ ಎಂದು ಮುಂದಿನ ತಿಂಗಳು ಆಡಿಟರಿಂದ ಪತ್ರ ಬಂತು.